ತಪ್ಪುಗಳ ಸಮೇತ ಮರುಹುಟ್ಟು

ಝಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಬ್ರಿಟಿಷ್ ಹೋಮ್ ಕಂಪ್ಯೂಟರಿಗೆ 1987ರಲ್ಲಿ ಬಂದ ‘ಅರ್ಕನಾಯ್ಡ್’ ಆಟಕ್ಕೆ ಒಂದು ವಿಚಿತ್ರ ಅಭ್ಯಾಸವಿದೆ. ಯಾವ ಸಾಧನವೂ ಜೋಡಣೆಯಾಗಿರದ ಪೋರ್ಟೊಂದನ್ನು ಅದು ಮತ್ತೆ ಮತ್ತೆ ಓದುತ್ತದೆ. ಅಲ್ಲಿ ಉತ್ತರಿಸುವವರು ಯಾರೂ ಇಲ್ಲ. ಆದರೂ ಉತ್ತರ ಬರುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ ಅದೇ ಕ್ಷಣದಲ್ಲಿ ಮೆಮೊರಿಯಿಂದ ಎತ್ತಿಕೊಳ್ಳುತ್ತಿರುವ ಬೈಟ್, ತಂತಿಯ ಮೇಲೆ ಹಾದುಹೋಗುವಾಗ ಪ್ರೊಸೆಸರಿಗೂ ಸಿಕ್ಕಿಬಿಡುತ್ತದೆ. ಯಂತ್ರ ಮಾಡಿದವರು ಇದನ್ನು ಸೌಲಭ್ಯವೆಂದು ಕೊಟ್ಟದ್ದಲ್ಲ. ಆಟ ಬರೆಯುವವರು ಅದನ್ನು ಪತ್ತೆಹಚ್ಚಿ, ಟಿವಿಯ ಕಿರಣ ಈಗ ಪರದೆಯ ಯಾವ ಭಾಗದಲ್ಲಿದೆ ಎಂದು ತಿಳಿಯಲು ಬಳಸಿಕೊಂಡರು. ಅದು ತಿಳಿದರೆ ಚೆಂಡನ್ನು ಮಿನುಗದಂತೆ ಅಳಿಸಿ ಮತ್ತೆ ಬಿಡಿಸಬಹುದು. ಈ ಸೋರಿಕೆ ಇಲ್ಲದ ಯಂತ್ರದಲ್ಲಿ ಆಟ ಸುಮ್ಮನೆ ನಿಂತುಬಿಡುತ್ತದೆ.

ಹಾಗಾಗಿ ಇವತ್ತು ಸ್ಪೆಕ್ಟ್ರಂ ಅನ್ನು ಹೊಸದಾಗಿ ಕಟ್ಟುವವರು ಈ ಸೋರಿಕೆಯನ್ನೂ ಬೇಕೆಂದೇ ಕಟ್ಟುತ್ತಾರೆ. ಹಳೆಯ ಕಂಪ್ಯೂಟರುಗಳನ್ನು ಎಫ್‌ಪಿಜಿಎ ಎಂಬ ಚಿಪ್‌ನೊಳಗೆ ಮರಳಿ ಹುಟ್ಟಿಸುವ ಈ ಕಸುಬಿನ ಜೀವ ಇರುವುದೇ ಇಲ್ಲಿ. ಯಂತ್ರವೊಂದನ್ನು ಉಳಿಸುವುದೆಂದರೆ ಅದರ ನಡತೆಯನ್ನು ಉಳಿಸುವುದು. ಆ ನಡತೆಯಲ್ಲಿ ತಪ್ಪುಗಳೂ ಸೇರಿವೆ.

ಸಾಮಾನ್ಯ ಚಿಪ್‌ನ ಸರ್ಕ್ಯೂಟ್ ಕಾರ್ಖಾನೆಯಲ್ಲೇ ಅಚ್ಚಾಗಿ ಹೋಗಿರುತ್ತದೆ, ಆಮೇಲೆ ಬದಲಾಗದು. ಎಫ್‌ಪಿಜಿಎ ಹಾಗಲ್ಲ. ಅದರ ತುಂಬ ಪುಟ್ಟ ಪುಟ್ಟ ತರ್ಕಕೋಶಗಳಿವೆ. ಪ್ರತಿ ಕೋಶದಲ್ಲೂ ‘ಇಂಥ ಒಳಹರಿವಿಗೆ ಇಂಥ ಉತ್ತರ’ ಎನ್ನುವ ಒಂದು ಕೋಷ್ಟಕ, ಆ ಉತ್ತರವನ್ನು ಹಿಡಿದಿಟ್ಟುಕೊಳ್ಳಲು ಒಂದು ಫ್ಲಿಪ್‌ಫ್ಲಾಪ್. ಕೋಶಗಳ ನಡುವೆ ಬೇಕಾದ ಹಾಗೆ ಬೆಸೆಯಬಹುದಾದ ತಂತಿಗಳ ಜಾಲ. ಯಾವ ಕೋಶ ಏನು ಮಾಡಬೇಕು, ಯಾವುದು ಯಾವುದಕ್ಕೆ ಸೇರಬೇಕು ಎಂಬುದನ್ನೆಲ್ಲ ಹೇಳುವ ಒಂದು ಕಡತವನ್ನು ವಿದ್ಯುತ್ ಬಂದೊಡನೆ ಚಿಪ್ ಓದಿಕೊಳ್ಳುತ್ತದೆ, ಆ ಸರ್ಕ್ಯೂಟೇ ಆಗಿ ನಿಲ್ಲುತ್ತದೆ. ವಿದ್ಯುತ್ ಹೋದರೆ ಎಲ್ಲವನ್ನೂ ಮರೆಯುತ್ತದೆ. ಬೆಳಿಗ್ಗೆ ಸ್ಪೆಕ್ಟ್ರಂ ಆಗಿದ್ದ ಚಿಪ್ ಸಂಜೆಗೆ ಕಮೊಡೋರ್ 64 ಎಂಬ ಇನ್ನೊಂದು ಹಳೆಯ ಕಂಪ್ಯೂಟರ್ ಆಗಬಹುದು. ಅಮೆರಿಕದ ಝೈಲಿಂಕ್ಸ್ ಕಂಪನಿಯ ರಾಸ್ ಫ್ರೀಮನ್ ಅವರ ಕಲ್ಪನೆಯಿಂದ 1985ರಲ್ಲಿ ಬಂದ ಮೊದಲ ಎಫ್‌ಪಿಜಿಎಯಲ್ಲಿ ಇದ್ದದ್ದು ಬರೀ 64 ಕೋಶಗಳು. ಇವತ್ತು ಹವ್ಯಾಸಿಗಳು ಹೆಚ್ಚು ಬಳಸುವ ಡಿಇ10-ನ್ಯಾನೋ ಬೋರ್ಡಿನ ಚಿಪ್‌ನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಇವೆ.

ಹಳೆಯ ಆಟಗಳನ್ನು ಆಡಲು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಒಳ್ಳೆಯವೂ ಇವೆ. ಆದರೆ ಎಮ್ಯುಲೇಟರ್ ಮಾಡುವುದು ಏಕಪಾತ್ರಾಭಿನಯ. ಒಂದೇ ಪ್ರೊಸೆಸರ್ ಒಂದು ಗಳಿಗೆ ಹಳೆಯ ಪ್ರೊಸೆಸರ್ ಆಗುತ್ತದೆ, ಮರುಗಳಿಗೆ ಚಿತ್ರದ ಚಿಪ್, ಅದರ ಮರುಗಳಿಗೆ ಧ್ವನಿಯ ಚಿಪ್. ಎಫ್‌ಪಿಜಿಎಯಲ್ಲಿ ಇವು ಮೂರೂ ಬೇರೆ ಬೇರೆ ಸರ್ಕ್ಯೂಟುಗಳಾಗಿ, ಮೂಲ ಯಂತ್ರದಲ್ಲಿದ್ದಂತೆಯೇ ಒಂದೇ ಕಾಲಕ್ಕೆ ಓಡುತ್ತವೆ. ಕೀಲಿ ಒತ್ತಿದ್ದಕ್ಕೂ ಪರದೆ ಬದಲಾಗುವುದಕ್ಕೂ ನಡುವಿನ ತಡ ಇಲ್ಲವೆನ್ನುವಷ್ಟು ಇಳಿಯುತ್ತದೆ. ಹಾಗೆಂದು ಎಫ್‌ಪಿಜಿಎಯಲ್ಲಿ ಮಾಡಿದ್ದೆಲ್ಲ ತಾನಾಗಿಯೇ ಅಸಲಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬರೆದವರಿಗೆ ಮೂಲ ಚಿಪ್ ಎಷ್ಟು ಅರ್ಥವಾಗಿದೆಯೋ ಅಷ್ಟೇ ಅದು ಸಾಚಾ.

ಆ ಅರ್ಥ ಮಾಡಿಕೊಳ್ಳುವ ಕೆಲಸ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಸ್ಪೆಕ್ಟ್ರಂಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೇಂಬ್ರಿಡ್ಜಿನ ಸಿಂಕ್ಲೇರ್ ರಿಸರ್ಚ್ ಕಂಪನಿ 1982ರ ಏಪ್ರಿಲ್‌ನಲ್ಲಿ ಅದನ್ನು ಹೊರತಂದಿತು. 16 ಕೆ ಮೆಮೊರಿಯದ್ದಕ್ಕೆ 125 ಪೌಂಡ್, 48 ಕೆ ಆದರೆ 175. ಇಷ್ಟು ಅಗ್ಗವಾಗಲು ಕಾರಣ ರಿಚರ್ಡ್ ಆಲ್ಟ್‌ವಾಸರ್ ವಿನ್ಯಾಸ ಮಾಡಿದ ಯುಎಲ್‌ಎ ಎಂಬ ಒಂದು ಚಿಪ್. ಚಿತ್ರ, ಕೀಬೋರ್ಡ್, ಕ್ಯಾಸೆಟ್, ಸ್ಪೀಕರ್, ಕೊನೆಗೆ ಪ್ರೊಸೆಸರಿನ ಕ್ಲಾಕ್ ಕೂಡ ಅದರದ್ದೇ ಉಸ್ತುವಾರಿ. ಇದನ್ನು ತಯಾರಿಸಿದ ಫೆರಾಂಟಿ ಕಂಪನಿ, ಜೋಡಣೆಯೇ ಆಗದ ಬಿಡಿ ಕೋಶಗಳ ಚಿಪ್‌ಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಿತ್ತು. ಗಿರಾಕಿ ಕೊಟ್ಟ ನಕ್ಷೆಯಂತೆ ಕೊನೆಯ ಲೋಹದ ಪದರವನ್ನು ಮಾತ್ರ ಹಾಕಿ ಕೋಶಗಳನ್ನು ಬೆಸೆದು ಕೊಡುತ್ತಿತ್ತು. ಅಂದರೆ ಯುಎಲ್‌ಎ ಒಂದು ಲೆಕ್ಕದಲ್ಲಿ ಎಫ್‌ಪಿಜಿಎಯ ಹಿರೀಕ. ಬೆಸುಗೆ ಒಮ್ಮೆ ಮಾತ್ರ, ಅದೂ ಕಾರ್ಖಾನೆಯಲ್ಲಿ. ಆ ಬೆಸುಗೆಯಲ್ಲೂ ತಪ್ಪಾಯಿತು. ಮೊದಲ ಕಂತಿನ ಸ್ಪೆಕ್ಟ್ರಂಗಳ ಬೋರ್ಡಿನ ಮೇಲೆ, ಯುಎಲ್‌ಎಯ ದೋಷ ಸರಿಪಡಿಸಲು ಇನ್ನೊಂದು ಸಣ್ಣ ಚಿಪ್ಪನ್ನು ಕಾಲು ಮೇಲಾಗಿ ಅಂಟಿಸಿ ತಂತಿ ಎಳೆದಿದ್ದಾರೆ. ರಿಪೇರಿಯವರು ಅದನ್ನು ಇಂದಿಗೂ ‘ಸತ್ತ ಜಿರಳೆ’ ಎಂದೇ ಕರೆಯುತ್ತಾರೆ.

ಯುಎಲ್‌ಎಯ ಒಳಗುಟ್ಟನ್ನು ಪೂರ್ತಿ ಬಿಡಿಸಿದವರು ಕ್ರಿಸ್ ಸ್ಮಿತ್. ಮೊದಲು ಅವರು ಅಂಗಡಿಯಲ್ಲಿ ಸಿಗುವ ಸಾಧಾರಣ ಲಾಜಿಕ್ ಚಿಪ್‌ಗಳಿಂದಲೇ ಯುಎಲ್‌ಎಯ ಕೆಲಸ ಮಾಡುವ ಹಾರ್ಲೆಕ್ವಿನ್ ಎಂಬ ಬೋರ್ಡ್ ಕಟ್ಟಿದರು. ಆಮೇಲೆ ಯುಎಲ್‌ಎಯ ಕವಚ ತೆಗೆದು, ಒಳಗಿನ ಸಿಲಿಕಾನನ್ನು ಸೂಕ್ಷ್ಮದರ್ಶಕದ ಕೆಳಗೆ ಚಿತ್ರ ತೆಗೆದು, ಲೋಹದ ಗೆರೆಗಳ ಜಾಡು ಹಿಡಿದು ಗೇಟ್‌ಗಳನ್ನು ಓದಿದ ವಿವರಗಳನ್ನೆಲ್ಲ 2010ರಲ್ಲಿ ಪುಸ್ತಕವಾಗಿ ಬರೆದರು. ಆ ಹೊತ್ತಿಗೇ ಅಮೆರಿಕದಲ್ಲಿ ‘ವಿಶುವಲ್ 6502’ ತಂಡ ಆ್ಯಪಲ್ 2 ಮತ್ತು ಕಮೊಡೋರ್ ಯಂತ್ರಗಳ ಮೂಲವಾದ 6502 ಪ್ರೊಸೆಸರನ್ನು ಇದೇ ರೀತಿ ಓದುತ್ತಿತ್ತು. ಕಂಪನಿಗಳು ಉಳಿಸಿಕೊಳ್ಳದೆ ಹೋದ ನಕ್ಷೆಗಳನ್ನು ಚಿಪ್‌ನಿಂದಲೇ ಮರಳಿ ಪಡೆದ ಇವರ ಕೆಲಸ, ಶಾಸನದ ಕಲ್ಲಿನಿಂದ ಪಡಿಯಚ್ಚು ತೆಗೆದು ಓದಿದವರ ಕೆಲಸಕ್ಕೆ ಕಡಿಮೆಯದ್ದಲ್ಲ.

ಹಾಗೆ ಓದಿದ್ದರಿಂದ ಗಟ್ಟಿಯಾದ ಸಂಗತಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಸ್ಪೆಕ್ಟ್ರಂನ ಕೆಳಗಿನ 16 ಕೆ ಮೆಮೊರಿಯನ್ನು ಪ್ರೊಸೆಸರ್ ಆದ ಝಡ್80 ಮತ್ತು ಯುಎಲ್‌ಎ ಎರಡೂ ಹಂಚಿಕೊಳ್ಳುತ್ತವೆ. ಚಿತ್ರ ಮೂಡುತ್ತಿರುವಾಗ ಯುಎಲ್‌ಎ ಕಾಯುವಂತಿಲ್ಲ, ಕಾದರೆ ಪರದೆ ಹಾಳಾಗುತ್ತದೆ. ಆಗ ಝಡ್80 ಅದೇ ಮೆಮೊರಿಗೆ ಕೈಹಾಕಿದರೆ ಯುಎಲ್‌ಎ ಅದರ ಕ್ಲಾಕನ್ನೇ ತಡೆಹಿಡಿಯುತ್ತದೆ. ಎಷ್ಟು ಹೊತ್ತು? ಕ್ಲಾಕಿನ ಒಂದು ಮಿಡಿತವನ್ನು ಒಂದು ಗತಿ ಎಂದರೆ, ಎಂಟು ಗತಿಗಳ ಸುತ್ತಿನಲ್ಲಿ ಎಲ್ಲಿ ಕೈಹಾಕಿತು ಎನ್ನುವುದರ ಮೇಲೆ 6, 5, 4, 3, 2, 1, 0, 0 ಗತಿ. ಟಿವಿಯ ಒಂದು ಫ್ರೇಮ್ ಮುಗಿಯಲು 69,888 ಗತಿ. ಸೆಕೆಂಡಿಗೆ 35 ಲಕ್ಷ ಗತಿಗಳ ಓಟದಲ್ಲಿ ಒಂದು ಗತಿ ಆಚೀಚೆಯಾದರೇನು ಎನ್ನುವಂತಿಲ್ಲ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದು ಚೌಕದಲ್ಲಿ ಎರಡೇ ಬಣ್ಣ ಸಾಧ್ಯ ಎಂಬ ಸ್ಪೆಕ್ಟ್ರಂನ ಕಟ್ಟುಪಾಡನ್ನು ಮೀರಲು ಪ್ರೋಗ್ರಾಮರುಗಳು ಕಿರಣದ ಜೊತೆಗೇ ಓಡುತ್ತ, ಸಾಲು ಸಾಲಿಗೂ ಬಣ್ಣ ಬದಲಿಸಿದ್ದಾರೆ. ‘ಅಕ್ವಾಪ್ಲೇನ್’ ಎಂಬ 1983ರ ಆಟದಲ್ಲಿ ಸಮುದ್ರ ಮತ್ತು ಆಕಾಶ ಪರದೆಯ ಅಂಚುಪಟ್ಟಿಗೂ ಹರಡಿಕೊಳ್ಳುವುದು ಇಂಥ ಲೆಕ್ಕದಿಂದಲೇ. ಲೆಕ್ಕ ತಪ್ಪಿದ ಮರುಸೃಷ್ಟಿಯಲ್ಲಿ ದಿಗಂತ ನಡುಗುತ್ತದೆ.

ಧ್ವನಿಯ ಕಥೆ ಇದಕ್ಕಿಂತ ಕಷ್ಟದ್ದು. ಕಮೊಡೋರ್ 64ಕ್ಕೆ ಬಾಬ್ ಯಾನಿಸ್ ಮಾಡಿದ ಸಿಡ್ ಚಿಪ್‌ನಲ್ಲಿ ಮೂರು ಸ್ವರಗಳು, ಅವನ್ನು ತಿದ್ದಲು ಒಂದು ಅನಲಾಗ್ ಫಿಲ್ಟರ್. ಈ ಫಿಲ್ಟರ್ ಒಂದು ಚಿಪ್‌ನಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಜೊತೆಗೆ, ವಾಲ್ಯೂಮ್ ಬದಲಿಸಿದಾಗಲೆಲ್ಲ ಒಂದು ಸಣ್ಣ ‘ಟಕ್’ ಕೇಳುತ್ತಿತ್ತು. ಸಂಗೀತಗಾರರು ವಾಲ್ಯೂಮನ್ನೇ ಅತಿವೇಗದಲ್ಲಿ ಏರಿಸಿ ಇಳಿಸಿ ಆ ‘ಟಕ್’ಗಳಿಂದಲೇ ಡ್ರಮ್ಮಿನ ಪೆಟ್ಟನ್ನೂ ಮನುಷ್ಯರ ಮಾತನ್ನೂ ಹೊರಡಿಸಿದರು. ಮುಂದೆ ಕಂಪನಿ 8580 ಎಂಬ ಸುಧಾರಿತ ಚಿಪ್ ತಂದಾಗ ದೋಷ ಬಹುಮಟ್ಟಿಗೆ ಹೋಯಿತು, ಅದರೊಂದಿಗೆ ಹಾಡುಗಳಲ್ಲಿನ ಡ್ರಮ್ಮೂ ಕ್ಷೀಣಿಸಿತು. ಬರೀ ಸೊನ್ನೆ-ಒಂದರ ಲೋಕವಾದ ಎಫ್‌ಪಿಜಿಎಯಲ್ಲಿ ಇದನ್ನೆಲ್ಲ ಲೆಕ್ಕದಿಂದ ಅನುಕರಿಸಬೇಕು. ನೆದರ್ಲೆಂಡ್ಸಿನ ಗಿಡಿಯನ್ ಸ್ವೈಟ್ಸರ್ ತಮ್ಮ ‘ಅಲ್ಟಿಮೇಟ್ 64’ ಬೋರ್ಡಿನಲ್ಲಿ ಇಡೀ ಕಂಪ್ಯೂಟರನ್ನು ಎಫ್‌ಪಿಜಿಎಗೆ ತಂದರೂ, ಅಸಲಿ ಸಿಡ್ ಇರುವವರು ಹಾಕಿಕೊಳ್ಳಲಿ ಎಂದು ಎರಡು ಸಾಕೆಟ್ ಬಿಟ್ಟಿದ್ದಾರೆ. ತನ್ನ ಕೆಲಸದ ಗಡಿ ಎಲ್ಲಿದೆ ಎಂದು ಬಲ್ಲ ಕುಶಲಿಯ ನಿರ್ಧಾರ ಅದು. ನನಗೆ ಬಹಳ ಇಷ್ಟವಾದದ್ದು.

ಈ ಕಸುಬು ಇಲ್ಲಿಯವರೆಗೆ ಬಂದದ್ದು ಕೈಯಿಂದ ಕೈಗೆ ದಾಟಿ. ಡೆನಿಸ್ ವಾನ್ ವೀರೆನ್ ಅಮಿಗಾ 500 ಕಂಪ್ಯೂಟರಿನ ಚಿಪ್‌ಗಳನ್ನು ಎಫ್‌ಪಿಜಿಎಗೆ ಇಳಿಸಿ, 2007ರಲ್ಲಿ ‘ಮಿನಿಮಿಗ್’ ಎಂಬ ಹೆಸರಿನಲ್ಲಿ ನಕ್ಷೆ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಪ್ರೊಸೆಸರ್ ಮಾತ್ರ ಪಕ್ಕದಲ್ಲಿ ಅಸಲಿಯೇ ಇತ್ತು. ಆ ದಾರಿಯಲ್ಲಿ ಟಿಲ್ ಹಾರ್ಬೌಮ್ 2013ರ ಸುಮಾರಿಗೆ ಅಮಿಗಾ ಮತ್ತು ಅಟಾರಿ ಎಸ್‌ಟಿ ಎರಡೂ ಆಗಬಲ್ಲ ‘ಮಿಸ್ಟ್’ ಬೋರ್ಡ್ ತಂದರು. ಅಲೆಕ್ಸಿ ಮೆಲ್ನಿಕೋವ್ ಅದನ್ನು 2017ರಲ್ಲಿ ಡಿಇ10-ನ್ಯಾನೋಗೆ ದಾಟಿಸಿ ‘ಮಿಸ್ಟರ್’ ಎಂದು ಹೆಸರಿಟ್ಟರು. ಇವತ್ತು ಮಿಸ್ಟರ್‌ಗೆ ಒಂದೊಂದು ಯಂತ್ರದ ‘ಕೋರ್’ ಅನ್ನು, ಅಂದರೆ ಎಫ್‌ಪಿಜಿಎಗೆ ಇಳಿಸುವ ನಕ್ಷೆಯನ್ನು, ಒಬ್ಬೊಬ್ಬರು ಬರೆಯುತ್ತಾರೆ, ತಿದ್ದುತ್ತಾರೆ, ಬಿಟ್ಟಿಯಾಗಿ ಹಂಚುತ್ತಾರೆ. ಅಂಗಡಿಗೇ ಬಾರದ ಯಂತ್ರಕ್ಕೂ ಇಲ್ಲಿ ಜನ್ಮ ಸಿಕ್ಕಿದೆ: ಕಮೊಡೋರ್ 1991ರಲ್ಲಿ ಕೈಬಿಟ್ಟ ‘65’ ಮಾದರಿಯನ್ನು ಜರ್ಮನಿ ಮತ್ತು ಆಸ್ಟ್ರೇಲಿಯಾದ ಉತ್ಸಾಹಿಗಳು ಸೇರಿ ‘ಮೆಗಾ65’ ಎಂದು ಕಟ್ಟಿದರು.

ಸ್ಪೆಕ್ಟ್ರಂಗೆ ಬಂದ ಭಾಗ್ಯ ಇನ್ನೂ ದೊಡ್ಡದು. ಬ್ರೆಜಿಲ್‌ನ ವಿಕ್ಟರ್ ಟ್ರುಕ್ಕೊ ಮತ್ತು ಫ್ಯಾಬಿಯೊ ಬೆಲಾವೆನುಟೊ ಅವರ ಎಫ್‌ಪಿಜಿಎ ಬೋರ್ಡಿನಿಂದ ಬೆಳೆದ ‘ಸ್ಪೆಕ್ಟ್ರಂ ನೆಕ್ಸ್ಟ್’ಗೆ 2017ರಲ್ಲಿ ಜನರೇ ಮುಂಗಡವಾಗಿ ಏಳು ಲಕ್ಷ ಪೌಂಡಿಗೂ ಹೆಚ್ಚು ಹಣ ಕೊಟ್ಟರು. ಅದರ ಹೊರಮೈ ರೂಪಿಸಿದವರು ಮೂಲ ಸ್ಪೆಕ್ಟ್ರಂಗೂ ರೂಪ ಕೊಟ್ಟಿದ್ದ ರಿಕ್ ಡಿಕಿನ್ಸನ್. ಯಂತ್ರ ಗಿರಾಕಿಗಳ ಕೈಸೇರುವ ಮೊದಲೇ, 2018ರಲ್ಲಿ ಅವರು ತೀರಿಕೊಂಡರು.

ಇಷ್ಟು ಶ್ರಮ ಯಾಕೆ ಎಂಬುದಕ್ಕೆ ಯಾವುದಾದರೂ ಹಳೆಯ ಸ್ಪೆಕ್ಟ್ರಂನ ಮುಚ್ಚಳ ತೆಗೆದರೆ ಉತ್ತರ ಸಿಗುತ್ತದೆ. ಕೀಬೋರ್ಡಿನ ಪ್ಲಾಸ್ಟಿಕ್ ಪಟ್ಟಿ ಒಣಗಿ ಮುಟ್ಟಿದರೆ ಮುರಿಯುತ್ತದೆ. ಕೆಪಾಸಿಟರ್‌ಗಳು ಒಸರಿರುತ್ತವೆ. ಕೆಳಗಿನ ಮೆಮೊರಿ ಚಿಪ್‌ಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು, ಒಂದು ಕೈಕೊಟ್ಟರೂ ಸಾಲಾಗಿ ಸುಟ್ಟುಹೋಗುತ್ತವೆ. ಯುಎಲ್‌ಎ ಹೊಸದಾಗಿ ಎಲ್ಲೂ ತಯಾರಾಗುವುದಿಲ್ಲ. 1976ರಿಂದ ಎಡೆಬಿಡದೆ ಬಂದ ಝಡ್80 ಬಿಡಿ ಚಿಪ್ಪನ್ನೂ ನಿಲ್ಲಿಸುವುದಾಗಿ ಝೈಲಾಗ್ 2024ರಲ್ಲಿ ಹೇಳಿ, ಕೊನೆಯ ಆರ್ಡರುಗಳನ್ನು ಪಡೆಯಿತು.

ನಮ್ಮ ದೇಶಕ್ಕೂ ಈ ಯಂತ್ರಗಳು ಬಂದಿದ್ದವು. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಂ ಪ್ಲಸ್’ ಎಂದು ಮಾರಿತು. 1984-85ರಲ್ಲಿ ಸರ್ಕಾರ ಶುರುಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್. ಆಗ ಅದರ ಮುಂದೆ ಕೂತು ಬೇಸಿಕ್ ಕಲಿತ ಮಕ್ಕಳಿಗೆ ಈಗ ಐವತ್ತು ದಾಟಿದೆ. ಬಿಬಿಸಿ ಮೈಕ್ರೊದ ಕೋರ್ ಕೂಡ ಮಿಸ್ಟರ್‌ಗೆ ಇದೆ.

ಇನ್ನೊಂದು ನಂಟು ಇನ್ನೂ ಹತ್ತಿರದ್ದು. ಈ ಕೋರ್‌ಗಳನ್ನು ಬರೆಯುವ ವೆರಿಲಾಗ್ ಮತ್ತು ವಿಎಚ್‌ಡಿಎಲ್ ಭಾಷೆಗಳು ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ನಿತ್ಯದ ಬಳಕೆಯವು. ಹೊಸ ಚಿಪ್ ಕಾರ್ಖಾನೆಗೆ ಹೋಗುವ ಮುನ್ನ ಅಲ್ಲಿ ಅದನ್ನು ಎಫ್‌ಪಿಜಿಎ ಮೇಲೆಯೇ ಓಡಿಸಿ ನೋಡುತ್ತಾರೆ. ವಿಟಿಯು ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು ಇಂಥ ಭಾಷೆಗಳ ಎಚ್‌ಡಿಎಲ್ ಲ್ಯಾಬಿನಲ್ಲಿ ಕೌಂಟರ್ ಬರೆದು, ಕಿಟ್‌ಗೆ ಇಳಿಸಿ, ಸ್ಟೆಪ್ಪರ್ ಮೋಟರ್ ತಿರುಗಿಸಿಯೇ ಪಾಸಾಗಿರುತ್ತಾರೆ. ಅದೇ ಲ್ಯಾಬಿನಲ್ಲಿ ಮೋಟರಿನ ಬದಲು ಒಂದು ಯುಎಲ್‌ಎಯನ್ನು ಕಟ್ಟಿಸಬಾರದೇಕೆ ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ. ಸ್ಪೆಕ್ಟ್ರಂ ಬಲು ಚಿಕ್ಕ ಯಂತ್ರ, ಇಡಿಯಾಗಿ ಒಬ್ಬರ ತಲೆಯಲ್ಲಿ ಹಿಡಿಸುತ್ತದೆ. ಝಡ್80 ಅನ್ನು ಮೊದಲಿಂದ ಬರೆಯಬೇಕಿಲ್ಲ, ಡೇನಿಯಲ್ ವಾಲ್ನರ್ ಬರೆದ ಟಿ80 ಮುಕ್ತವಾಗಿ ಸಿಗುತ್ತದೆ. ಬೇಕಾದ್ದು ಒಂದು ಸಾಧಾರಣ ಎಫ್‌ಪಿಜಿಎ ಬೋರ್ಡ್ ಮತ್ತು 50 ಹರ್ಟ್ಸ್ ಚಿತ್ರವನ್ನು ಒಪ್ಪುವ ಒಂದು ಮಾನಿಟರ್.

ಶುರುವಿಗೆ ಎರಡೇ ಕೌಂಟರ್ ಸಾಕು. ಸೆಕೆಂಡಿಗೆ 70 ಲಕ್ಷ ಚುಕ್ಕೆಗಳ ವೇಗದಲ್ಲಿ ಒಂದು 448 ಎಣಿಸಿ ಸೊನ್ನೆಗೆ ಮರಳಲಿ, ಅದು ಮರಳಿದಾಗಲೆಲ್ಲ ಇನ್ನೊಂದು ಒಂದೊಂದು ಹೆಚ್ಚುತ್ತ 312 ಎಣಿಸಲಿ. ಇವುಗಳ ನಡುವಿನ 256 ಚುಕ್ಕೆ, 192 ಸಾಲುಗಳಲ್ಲಿ ಮೆಮೊರಿಯ ಬೈಟ್‌ಗಳನ್ನು ಎತ್ತಿ ಪರದೆಗೆ ಕಳಿಸಿ, ಉಳಿದೆಡೆ ಅಂಚಿನ ಬಣ್ಣ ತುಂಬಿದರೆ ಸ್ಪೆಕ್ಟ್ರಂನ ಪರದೆ ಸಿದ್ಧ. ಪ್ರೊಸೆಸರ್ ಸೇರಿಸಿ, ಮೆಮೊರಿಯ ಜಗಳ ಬಿಡಿಸಿ. ಆಮೇಲೆ ಒಂದು ‘ಅರ್ಕನಾಯ್ಡ್’ ಕ್ಯಾಸೆಟ್ಟಿನ ಧ್ವನಿಯನ್ನು ಫೋನಿನಿಂದಲೇ ಬೋರ್ಡಿನ ಆಡಿಯೊ ಪಿನ್‌ಗೆ ಕೊಡಬಹುದು. ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು, ಆಮೇಲೆ ನೀಲಿ ಮತ್ತು ಹಳದಿ ಪಟ್ಟಿಗಳು ಓಡುತ್ತವೆ. ಕೆಲವು ನಿಮಿಷ ಕಾಯಬೇಕು. ಆಟ ಶುರುವಾಗಿ ಅಲ್ಲೇ ನಿಂತರೆ, ಆ ಖಾಲಿ ಪೋರ್ಟಿನ ಕೆಲಸ ಇನ್ನೂ ಬಾಕಿಯಿದೆ ಎಂದರ್ಥ.