ಅಂಗಾಂಶವನ್ನು ಮೊದಲು ಕಂಡವರು: ಒಂದು ಘಟಕದ ಬೋಧನೆಗೆ ಇತಿಹಾಸದ ನೆರವು

ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಚಿತ್ರಪಟ ಸುಲಭವಾಗಿ ಸಿಗುತ್ತದೆ, ವರ್ಗೀಕರಣ ಸ್ಪಷ್ಟವಾಗಿದೆ, ಕಪ್ಪುಹಲಗೆಯ ಕೆಲಸವೂ ಅಚ್ಚುಕಟ್ಟಾಗುತ್ತದೆ. ಆದರೆ ಈ ಪಾಠಗಳನ್ನು ವೀಕ್ಷಿಸುವಾಗ ನಾನು ಮತ್ತೆ ಮತ್ತೆ ಗಮನಿಸಿದ ಒಂದು ಸಂಗತಿಯಿದೆ. ಮಕ್ಕಳು ಸಾಲಾಗಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಮರಳಿ ಹೋಗಿ ಪಠ್ಯಪುಸ್ತಕದ ಚಿತ್ರವನ್ನು ನೋಡಿ ಬರೆಯುತ್ತಾರೆ. ಪುಸ್ತಕ ತೆರೆಯದೆ ತಾನು ಕಂಡದ್ದನ್ನೇ ಬರೆದ ಮಗುವಿನ ಹಾಳೆಯಲ್ಲಿ ಎಷ್ಟೋ ಸಲ ದಪ್ಪ ಕಪ್ಪು ಅಂಚಿನ ದುಂಡನೆಯ ಗುಳ್ಳೆಗಳಿರುತ್ತವೆ. ಅವು ಹೊದಿಕೆ ಗಾಜಿನ ಕೆಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು. ಆ ಚಿತ್ರದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬೀಳುತ್ತದೆ. ನಕಲು ಮಾಡಿದ ಚಿತ್ರಕ್ಕೆ ಪೂರ್ಣ ಅಂಕ ಸಿಗುತ್ತದೆ.

ಹೀಗಾದಾಗ ಮಗು ಕಲಿಯುವುದು ಅಂಗಾಂಶವನ್ನಲ್ಲ, ತನ್ನ ಕಣ್ಣನ್ನು ನಂಬಬಾರದೆಂಬುದನ್ನು. ಸೂಕ್ಷ್ಮದರ್ಶಕದಲ್ಲಿ ನೋಡುವುದು ತಾನಾಗಿ ಬರುವ ವಿದ್ಯೆಯಲ್ಲ. ದೊಡ್ಡ ವಿಜ್ಞಾನಿಗಳೂ ಅದನ್ನು ನಿಧಾನವಾಗಿಯೇ ಕಲಿತರು. ಆ ಕಲಿಕೆಯ ಕಥೆಯನ್ನು ಪಾಠದೊಳಗೆ ತರುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ.

ಸರಿಯಾದ ವಸ್ತುವನ್ನು ಆರಿಸಿದ ಮಾಲ್ಪೀಗಿ

ರಕ್ತವು ಹೃದಯದಿಂದ ಅಪಧಮನಿಗಳಲ್ಲಿ ಹೊರಟು ಅಭಿಧಮನಿಗಳಲ್ಲಿ ಹಿಂದಿರುಗುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ. ಆದರೆ ಅಪಧಮನಿಯ ಕೊನೆಯಿಂದ ಅಭಿಧಮನಿಯ ಮೊದಲಿಗೆ ರಕ್ತ ದಾಟುವ ದಾರಿ ಯಾವುದು? ಅದನ್ನು ಹಾರ್ವೆ ಕಾಣಲಿಲ್ಲ. 1657ರಲ್ಲಿ ತೀರಿಕೊಂಡ.

ಹಾರ್ವೆಯ ಗ್ರಂಥ ಹೊರಬಂದ ವರ್ಷವೇ ಇಟಲಿಯಲ್ಲಿ ಹುಟ್ಟಿದ ಮಾರ್ಚೆಲೊ ಮಾಲ್ಪೀಗಿ, 1661ರಲ್ಲಿ ಆ ದಾರಿಯನ್ನು ಕಂಡ. ಒಣಗಿಸಿದ ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತ ಸೂಕ್ಷ್ಮವಾದ ನಾಳಗಳ ಜಾಲವಿತ್ತು. ಅವೇ ಲೋಮನಾಳಗಳು. ಕಪ್ಪೆಯ ಶ್ವಾಸಕೋಶ ತೆಳುವಾದದ್ದು, ಬೆಳಕು ಹಾಯಲು ಬಿಡುವಂಥದ್ದು. ದೊಡ್ಡ ಪ್ರಾಣಿಯ ದಪ್ಪ ಶ್ವಾಸಕೋಶದಲ್ಲಿ ಇದು ಕಾಣುವಂತಿರಲಿಲ್ಲ. ಮಕ್ಕಳ ಮುಂದಿಡಬೇಕಾದ ಪ್ರಶ್ನೆ ಇಷ್ಟೇ: “ಅವನು ಕಪ್ಪೆಯನ್ನೇ ಏಕೆ ಆರಿಸಿಕೊಂಡ?” ಕೆನ್ನೆಯ ಒಳಪದರವನ್ನು ತೆಳ್ಳಗೆ ಹರಡಬೇಕೆಂದು ನಾವೇಕೆ ಹೇಳುತ್ತೇವೆಂಬುದು ಆಗ ಅವರಿಗೇ ಹೊಳೆಯುತ್ತದೆ.

ಇದೇ ಶತಮಾನದಲ್ಲಿ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ಕೆಂಪು ರಕ್ತಕಣಗಳನ್ನೂ ಸ್ನಾಯುವಿನ ಅಡ್ಡಪಟ್ಟೆಗಳನ್ನೂ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಸೂಕ್ಷ್ಮದರ್ಶಕವನ್ನು ನಂಬದ ಬಿಷಾ

ಅಂಗಾಂಶಗಳನ್ನು ಮೊದಲು ವ್ಯವಸ್ಥಿತವಾಗಿ ವಿಂಗಡಿಸಿದವನು ಸೂಕ್ಷ್ಮದರ್ಶಕವನ್ನು ಬಳಸಲೇ ಇಲ್ಲವೆಂದರೆ ಮಕ್ಕಳು ಬೆರಗಾಗುತ್ತಾರೆ. ಪ್ಯಾರಿಸ್ಸಿನ ವೈದ್ಯ ಕ್ಸಾವಿಯೇ ಬಿಷಾ ಶವಗಳನ್ನು ಛೇದಿಸಿ, ಅವುಗಳ ಭಾಗಗಳನ್ನು ಬೇಯಿಸಿ, ಒಣಗಿಸಿ, ಕೊಳೆಯಲು ಬಿಟ್ಟು, ಆಮ್ಲ ಕ್ಷಾರಗಳಲ್ಲಿಟ್ಟು ಯಾವುದು ಹೇಗೆ ಬದಲಾಗುತ್ತದೆಂದು ಪರೀಕ್ಷಿಸಿದ. ಬೇರೆ ಬೇರೆ ಅಂಗಗಳಲ್ಲಿದ್ದರೂ ಒಂದೇ ರೀತಿ ವರ್ತಿಸುವ ಪದರಗಳನ್ನು ಒಂದು ಗುಂಪಿಗೆ ಸೇರಿಸಿದ. ಹೀಗೆ 21 ಬಗೆಯ ಅಂಗಾಂಶಗಳನ್ನು ಹೆಸರಿಸಿದ. ಆತ 1802ರಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 30.

ಅಂಗಗಳು ಅಂಗಾಂಶಗಳಿಂದಾಗಿವೆ, ಒಂದೇ ಅಂಗಾಂಶ ಹಲವು ಅಂಗಗಳಲ್ಲಿರಬಹುದು ಎಂಬ ನಮ್ಮ ಘಟಕದ ಮೂಲ ಕಲ್ಪನೆ ಬಿಷಾನದು. ಮುಂದೆ ಕೋಶಗಳನ್ನೇ ನೋಡಿ ವಿಂಗಡಿಸತೊಡಗಿದಾಗ ಪ್ರಾಣಿ ಅಂಗಾಂಶಗಳಿಗೆ ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂಬ ನಾಲ್ಕು ಗುಂಪುಗಳು ಸಾಕಾದವು. ಬಿಷಾ ಸೂಕ್ಷ್ಮದರ್ಶಕವನ್ನು ನಂಬದೆ ಇದ್ದದ್ದು ಹಟದಿಂದಲ್ಲ. ಆ ಕಾಲದ ಉಪಕರಣಗಳು ನಿಜವಾಗಿಯೂ ಕಣ್ಣಿಗೆ ಮೋಸ ಮಾಡುತ್ತಿದ್ದವು.

ಇಲ್ಲದ ಗೋಲಗಳು

ಸಾಧಾರಣ ಮಸೂರದಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಬಿಂದುಗಳಲ್ಲಿ ಕೂಡುತ್ತದೆ. ಮಸೂರದ ಅಂಚಿನಿಂದ ಬಂದ ಬೆಳಕೂ ನಡುವಿನಿಂದ ಬಂದ ಬೆಳಕೂ ಒಂದೇ ಕಡೆ ಸೇರುವುದಿಲ್ಲ. ಆದ್ದರಿಂದ ಚಿಕ್ಕ ಚುಕ್ಕೆಯ ಸುತ್ತ ಮಸುಕಾದ ಬಳೆ ಮೂಡುತ್ತದೆ. 1823ರಲ್ಲಿ ಫ್ರಾನ್ಸಿನ ಆನ್ರಿ ಮಿಲ್ನ್ ಎಡ್ವರ್ಡ್ಸ್, ಪ್ರಾಣಿಗಳ ಅಂಗಾಂಶಗಳೆಲ್ಲ ಒಂದೇ ಅಳತೆಯ ಪುಟ್ಟ ಗೋಲಗಳಿಂದಾಗಿವೆಯೆಂದು ಪ್ರತಿಪಾದಿಸಿದ. ಹಾಗೆ ಹೇಳಿದವನು ಅವನೊಬ್ಬನೇ ಅಲ್ಲ.

ಲಂಡನ್ನಿನ ಜೋಸೆಫ್ ಜಾಕ್ಸನ್ ಲಿಸ್ಟರ್ ವೃತ್ತಿಯಲ್ಲಿ ದ್ರಾಕ್ಷಾರಸದ ವ್ಯಾಪಾರಿ. ಮಸೂರಗಳನ್ನು ಸರಿಯಾಗಿ ಜೋಡಿಸಿ ಬಣ್ಣದ ದೋಷವನ್ನೂ ಮಸುಕನ್ನೂ ತಗ್ಗಿಸುವುದರಲ್ಲಿ ಆತ ನಿಪುಣ. 1827ರಲ್ಲಿ ಅವನೂ ವೈದ್ಯ ಥಾಮಸ್ ಹಾಡ್ಜ್‌ಕಿನ್ನನೂ ಉತ್ತಮ ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಪ್ರಕಟಿಸಿದರು. ಸ್ನಾಯುವಿನಲ್ಲಿ ಗೋಲಗಳಿಲ್ಲ, ಅಡ್ಡಪಟ್ಟೆಗಳಿವೆ. ಕೆಂಪು ರಕ್ತಕಣ ಗೋಲವಲ್ಲ, ಎರಡೂ ಕಡೆ ತಗ್ಗಾದ ಬಿಲ್ಲೆ. ಗೋಲಗಳು ಅಂಗಾಂಶದಲ್ಲಿರಲಿಲ್ಲ, ಮಸೂರದಲ್ಲಿದ್ದವು. 1839ರಲ್ಲಿ ಥಿಯೊಡೋರ್ ಶ್ವಾನ್ ಪ್ರಾಣಿಗಳ ಅಂಗಾಂಶಗಳೆಲ್ಲ ಕೋಶಗಳಿಂದಾದವು ಎಂದು ಸಾರುವ ಹೊತ್ತಿಗೆ ನೋಡುವ ಉಪಕರಣ ಇಷ್ಟು ಸುಧಾರಿಸಿತ್ತು.

ಗಾಳಿಯ ಗುಳ್ಳೆಯನ್ನು ಬರೆದ ನಮ್ಮ ಮಗುವಿನ ಪಾಡೂ ಇದೇ. ಅದು ಕಂಡದ್ದು ಸುಳ್ಳಲ್ಲ. ಕಂಡದ್ದು ಅಂಗಾಂಶವೋ ಅಲ್ಲವೋ ಎಂದು ಪರೀಕ್ಷಿಸುವುದನ್ನು ನಾವು ಕಲಿಸಿಲ್ಲ.

ಬಣ್ಣ ಕೊಟ್ಟ ಕಣ್ಣು

ಅಂಗಾಂಶದ ಬಹುಭಾಗ ಬಣ್ಣವಿಲ್ಲದ್ದು. ಜರ್ಮನಿಯ ಯೋಸೆಫ್ ಗೆರ್ಲಾಖ್ 1858ರಲ್ಲಿ, ಒಂದು ಬಗೆಯ ಕೀಟದಿಂದ ತೆಗೆಯುವ ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಬಳಸಿ ಕೋಶಕೇಂದ್ರಗಳನ್ನು ಎದ್ದು ಕಾಣುವಂತೆ ಮಾಡಿದ. ಮುಂದೆ ಬಟ್ಟೆಗೆ ಹಾಕುವ ಕೃತಕ ಬಣ್ಣಗಳು ಪ್ರಯೋಗಾಲಯಕ್ಕೆ ಬಂದವು. ನಮ್ಮ ಶಾಲೆಗಳಲ್ಲಿ ಕೆನ್ನೆಯ ಕೋಶಗಳಿಗೆ ಹಾಕುವ ಮೆಥಿಲೀನ್ ನೀಲಿ ಕೂಡ 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಯ ಬಣ್ಣವಾಗಿ ತಯಾರಾದದ್ದೇ.

ನರ ಅಂಗಾಂಶಕ್ಕೆ ಇದು ಸಾಲದಾಯಿತು. ಅಲ್ಲಿ ತಂತುಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ. ಎಲ್ಲಕ್ಕೂ ಬಣ್ಣ ಹತ್ತಿದರೆ ಏನೂ ಬಿಡಿಯಾಗಿ ಕಾಣದು. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ, ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿದ ಮಿದುಳಿನ ತುಣುಕನ್ನು ಸಿಲ್ವರ್ ನೈಟ್ರೇಟಿನಲ್ಲಿಡುವ ವಿಧಾನ ಪ್ರಕಟಿಸಿದ. ಕೆಲವೇ ಕೋಶಗಳು ಕವಲುಗಳ ಸಮೇತ ಕಪ್ಪಾದವು, ಉಳಿದವು ಕಾಣದಾದವು.

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಇದೇ ವಿಧಾನವನ್ನು ಸುಧಾರಿಸಿ, ಭ್ರೂಣಗಳ ಮತ್ತು ಎಳೆಯ ಪ್ರಾಣಿಗಳ ನರ ಅಂಗಾಂಶಕ್ಕೆ ಬಳಸಿದ. ನರಕೋಶಗಳೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂದ ಗಾಲ್ಜಿ. ಪ್ರತಿಯೊಂದೂ ಸ್ವತಂತ್ರ ಕೋಶ, ತುದಿಗಳು ಮುಟ್ಟುವಷ್ಟು ಹತ್ತಿರ ಬಂದರೂ ಬೆಸೆಯುವುದಿಲ್ಲ ಎಂದ ಕಹಾಲ್. 1906ರಲ್ಲಿ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೆ ಬಂತು. ಪ್ರಶಸ್ತಿಯ ಉಪನ್ಯಾಸದಲ್ಲೂ ಗಾಲ್ಜಿ ತನ್ನ ವಾದ ಬಿಡಲಿಲ್ಲ. ನರಕೋಶಗಳ ನಡುವಿನ ಅಂತರ ಸುಮಾರು 20 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಲಕ್ಷದಲ್ಲಿ ಎರಡು ಭಾಗ. ಅವರ ಸೂಕ್ಷ್ಮದರ್ಶಕದಲ್ಲಿ ಅದು ಇಬ್ಬರಿಗೂ ಕಾಣುವುದು ಸಾಧ್ಯವೇ ಇರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸಿ ಕಹಾಲನ ಪರ ನಿಂತಿತು.

ಪಾಠಯೋಜನೆಯಲ್ಲಿ ಅಳವಡಿಸುವುದು

ಈ ಕಥೆಗಳನ್ನೆಲ್ಲ ಪೀಠಿಕೆಯಲ್ಲಿ ಒಟ್ಟಿಗೆ ಹೇಳಿದರೆ ಅವಧಿ ಮುಗಿದುಹೋಗುತ್ತದೆ. ಒಂದೊಂದನ್ನು ಎರಡು ಮೂರು ನಿಮಿಷದಲ್ಲಿ, ತಕ್ಕ ಹಂತದಲ್ಲಿ ಹೇಳಬೇಕು. ಮಾಲ್ಪೀಗಿಯ ಕಥೆ ಸ್ಲೈಡ್ ತಯಾರಿಸುವ ಮೊದಲು. ಬಿಷಾ ವರ್ಗೀಕರಣದ ಹೊತ್ತಿಗೆ. ಲಿಸ್ಟರ್ ಮಕ್ಕಳು ಮೊದಲ ಸಲ ನೋಡಿ ಚಿತ್ರ ಬರೆದ ಮೇಲೆ. ಗಾಲ್ಜಿ ಮತ್ತು ಕಹಾಲ್ ನರ ಅಂಗಾಂಶದ ಪಾಠದಲ್ಲಿ.

ಚಿತ್ರ ಬರೆಯುವಾಗ ಪಠ್ಯಪುಸ್ತಕ ಮುಚ್ಚಿರಲಿ. ಒಂದೇ ಸ್ಲೈಡನ್ನು ನೋಡಿದ ಇಬ್ಬರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಏಕೆ ಬಂತೆಂದು ಅವರನ್ನೇ ಕೇಳಬೇಕು. ಗುಳ್ಳೆ ಬರೆದವರಿಗೆ ಮೂರು ಪರೀಕ್ಷೆ ಕೊಡಬಹುದು: ಅದರೊಳಗೆ ನೀಲಿಯ ಕೋಶಕೇಂದ್ರ ಇದೆಯೇ? ಅದು ಬಣ್ಣ ಹಿಡಿದಿದೆಯೇ? ಹೊದಿಕೆ ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಆಕಾರ ಬದಲಾಗುತ್ತದೆಯೇ? ಅನಂತರ ಪುಸ್ತಕ ತೆರೆದು ಹೋಲಿಸಲಿ, ಎರಡನೆಯ ಚಿತ್ರ ಬರೆಯಲಿ.

ಮೌಲ್ಯಮಾಪನದಲ್ಲಿ ಎರಡೂ ಚಿತ್ರಗಳಿಗೆ ಅಂಕವಿರಲಿ. ಮೊದಲ ಚಿತ್ರಕ್ಕೆ ಅಡ್ಡಗೆರೆ ಬೇಡ. ಅದರ ಕೆಳಗೆ ‘ನಾನು ಕಂಡದ್ದು ಗಾಳಿಯ ಗುಳ್ಳೆ, ಏಕೆಂದರೆ...’ ಎಂಬ ವಾಕ್ಯವನ್ನು ಮಗುವೇ ಪೂರ್ಣಗೊಳಿಸಲಿ. ಮುಂದಿನ ಸುತ್ತಿನ ಬೋಧನಾಭ್ಯಾಸದಲ್ಲಿ ಈ ಘಟಕವನ್ನು ತೆಗೆದುಕೊಳ್ಳುವವರು ಪಾಠಟಿಪ್ಪಣಿಯ ಮೌಲ್ಯಮಾಪನ ಅಂಕಣದಲ್ಲಿ ಈ ಒಂದು ವಾಕ್ಯಕ್ಕೆ ಜಾಗ ಬಿಡಬೇಕೆಂದು ನನ್ನ ವಿನಂತಿ.