ಎವರೆಸ್ಟ್ ಹತ್ತುವುದು ಹೇಗೆ?



ಜಗತ್ತಿನಲ್ಲಿಯೇ ಎತ್ತರದ ಶಿಖರ ಎವರೆಸ್ಟ್. ಇದರ ಎತ್ತರ 8,849 ಮೀಟರ್. ನಮ್ಮ ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲೆ ಅದ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಬಿಸಿಲು ಇರುವಾಗ ಆ ತುದಿಯಲ್ಲಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಚಳಿ ಇರ್ತದ.

ಇಂಥ ಶಿಖರವನ್ನು 2014ರ ಮೇ 25ರಂದು ಮಾಲಾವತ್ ಪೂರ್ಣಾ ಎಂಬ ಹುಡುಗಿ ಏರಿದಳು. ಆಗ ಅವಳಿಗೆ 13 ವರ್ಷ 11 ತಿಂಗಳು. ಅಂದರೆ ನಮ್ಮ ವಯಸ್ಸೇ! ಅವಳ ಊರು ನಮ್ಮ ಪಕ್ಕದ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಪಾಕಾಲ. ತಂದೆ ತಾಯಿ ಹೊಲದಲ್ಲಿ ಕೂಲಿ ಮಾಡುವವರು. ಅವಳು ಸರ್ಕಾರಿ ವಸತಿ ಶಾಲೆಯಲ್ಲಿ ಓದುತ್ತಿದ್ದಳು. ಮೊದಲು ಭುವನಗಿರಿಯ ಬಂಡೆ ಹತ್ತಿ ಕಲಿತಳು. ಆಮೇಲೆ ಡಾರ್ಜಿಲಿಂಗ್ ಮತ್ತು ಲಡಾಖ್‌ದಲ್ಲಿ ತರಬೇತಿ ಪಡೆದಳು.

ಎವರೆಸ್ಟ್ ಹತ್ತಲು ಮುಖ್ಯವಾಗಿ ಮೂರು ಕಷ್ಟಗಳಿವೆ.

1. ಗಾಳಿ: ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯ ಮೂರನೇ ಒಂದು ಪಾಲು ಮಾತ್ರ. ಒಮ್ಮೆಲೇ ಹೋದರೆ ತಲೆ ತಿರುಗಿ ಪ್ರಾಣವೇ ಹೋಗಬಹುದು. ಅದಕ್ಕ ಸ್ವಲ್ಪ ಮೇಲೆ ಹೋಗಿ, ಮತ್ತ ಕೆಳಗ ಬಂದು ಮಲಗ್ತಾರ. ಹೀಗೆ ವಾರಗಟ್ಟಲೆ ಮಾಡಿದರೆ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಾಗಿ ದೇಹ ಹೊಂದಿಕೊಳ್ತದ. 8,000 ಮೀಟರ್ ದಾಟಿದ ಮೇಲೆ ಮಾತ್ರ ದೇಹ ಹೊಂದಿಕೊಳ್ಳುವುದೇ ಇಲ್ಲ. ಅಲ್ಲಿ ಹೆಚ್ಚಿನವರು ಆಮ್ಲಜನಕದ ಸಿಲಿಂಡರ್ ಬಳಸ್ತಾರ.

2. ದಾರಿ: ಪೂರ್ಣಾ ಹೋದದ್ದು ಟಿಬೆಟ್ ಕಡೆಯಿಂದ. ಆ ದಾರಿಯಲ್ಲಿ ಸುಮಾರು 8,600 ಮೀಟರ್ ಎತ್ತರದಲ್ಲಿ ಗೋಡೆಯಂಥ ಒಂದು ಬಂಡೆ ಅದ. 1975ರಲ್ಲಿ ಚೀನಾದವರು ಅದಕ್ಕೆ ಏಣಿ ಕಟ್ಟಿದರು. ಬೂಟಿಗೆ ಲೋಹದ ಮುಳ್ಳು ಕಟ್ಟಿಕೊಂಡು, ಹಗ್ಗಕ್ಕೆ ಜುಮಾರ್ ಎಂಬ ಹಿಡಿಕೆ ಸಿಕ್ಕಿಸಿಕೊಂಡು ಹತ್ತಬೇಕು. ಜುಮಾರ್ ಮೇಲಕ್ಕೆ ಸರಿಯುತ್ತದೆ, ಕೆಳಕ್ಕೆ ಜಾರುವುದಿಲ್ಲ.

3. ಇಳಿಯುವುದು: ತುದಿ ಮುಟ್ಟಿದರೆ ಅರ್ಧ ಕೆಲಸ ಆದಂತೆ. ಇಳಿಯುವಾಗ ಮೈ ದಣಿದಿರ್ತದ, ಸಿಲಿಂಡರ್ ಖಾಲಿ ಆಗ್ತಿರ್ತದ. ಬಹಳ ಜನ ಸತ್ತದ್ದು ಇಳಿಯುವಾಗಲೇ. ಅದಕ್ಕ ತಿರುಗುವ ಹೊತ್ತನ್ನು ಮೊದಲೇ ಗೊತ್ತು ಮಾಡಿರ್ತಾರ. ಆ ಹೊತ್ತಾದರೆ ತುದಿ ಕಣ್ಣ ಮುಂದೆ ಇದ್ದರೂ ಹಿಂದಿರುಗಬೇಕು.

ನಮ್ಮ ಹುಬ್ಬಳ್ಳಿಯ ನಂದಿತಾ ನಾಗನಗೌಡರ್ ಅವರೂ 2016ರಲ್ಲಿ ಎವರೆಸ್ಟ್ ಏರಿದ್ದಾರೆ. ನಮ್ಮೂರ ಸುತ್ತ ಬರೀ ತೊಗರಿ ಹೊಲ, ಗುಡ್ಡ ಎಲ್ಲಿ ಅದ ಅಂತ ನೀವು ಕೇಳಬಹುದು. ಪೂರ್ಣಾಳ ಊರಲ್ಲಿಯೂ ಹಿಮ ಇರಲಿಲ್ಲ. ಅವಳು ಒಂದು ಬಂಡೆಯಿಂದ ಸುರು ಮಾಡಿದಳು. ಧೈರ್ಯ ಬೇಕು, ಅದರ ಜೊತೆಗೆ ತರಬೇತಿ ಬೇಕು, ತಾಳ್ಮೆ ಬೇಕು, ತಿರುಗಿ ಬರುವ ಬುದ್ಧಿಯೂ ಬೇಕು.

— ಏಳನೇ ತರಗತಿ, ಕಡಗಂಚಿ