ನಿದ್ರೆಯನ್ನಟ್ಟುವ ಪಾನೀಯ: ಹಲಾಲೋ, ಹರಾಮೋ?

ಕ್ರಿ. ಶ. 1511ನೆಯ ಇಸವಿ, ಜೂನ್ ತಿಂಗಳ ಒಂದು ರಾತ್ರಿ. ಮಕ್ಕಾ ನಗರದ ಪವಿತ್ರ ಮಸೀದಿಯ ಬಳಿ, ಕಂದೀಲಿನ ಮಂದ ಬೆಳಕಿನಲ್ಲಿ ಕೆಲವರು ಕುಳಿತು ಏನನ್ನೋ ಗುಟುಕರಿಸುತ್ತಿದ್ದರು. ಪೇಟೆಯ ನಡೆನುಡಿಗಳ ಮೇಲ್ವಿಚಾರಣೆಗೆ ನೇಮಕಗೊಂಡಿದ್ದ ಖೈರ್ ಬೇಗನೆಂಬ ಅಧಿಕಾರಿ ಸಮೀಪಿಸುತ್ತಲೇ ಅವರು ದೀಪಗಳನ್ನಾರಿಸಿದರು. ಸಂಶಯಕ್ಕೆ ಇಷ್ಟು ಸಾಲದೆ? ವಿಚಾರಿಸಿದಾಗ ಆ ಪಾನೀಯದ ಹೆಸರು ‘ಕಹ್ವಾ’ ಎಂದು ತಿಳಿಯಿತು. ಇಂದು ಮನೆಮನೆಯ ಬೆಳಗನ್ನೂ ಆಳುತ್ತಿರುವ ಕಾಫಿಯೇ ಅದು.

ಕೂಡಲೇ ಧರ್ಮಶಾಸ್ತ್ರಜ್ಞರ ಸಭೆ ನೆರೆಯಿತು. ಇಂತಹ ಕೂಟಗಳು ಕೂಡದೆಂಬುದನ್ನು ಎಲ್ಲರೂ ಒಪ್ಪಿದರು. ಆದರೆ ಪಾನೀಯವನ್ನೇ ನಿಷಿದ್ಧವೆಂದು ಸಾರಲು ಪಂಡಿತರು ಹಿಂಜರಿದರು. ಗಿಡದಿಂದ ದೊರೆತ ಪದಾರ್ಥವು ಮೂಲತಃ ಹಲಾಲ್. ಹರಾಮ್ ಎನ್ನುವವನೇ ಅದಕ್ಕೆ ಕಾರಣವನ್ನು ತೋರಿಸಬೇಕು. ಆದುದರಿಂದ ವೈದ್ಯರನ್ನು ಕರೆಸಲಾಯಿತು. ಸೋದರರಾದ ಇಬ್ಬರು ವೈದ್ಯರು ಕಾಫಿ ದೇಹಕ್ಕೆ ಕೆಡುಕೆಂದು ಹೇಳಿದರು. ಅಲ್ಲಿದ್ದ ಒಬ್ಬ ಮಹಾಶಯನಂತೂ ಇದು ಮದ್ಯದಂತೆಯೇ ಅಮಲೇರಿಸುತ್ತದೆಂದು ಸಾಕ್ಷಿ ನುಡಿದನಂತೆ. ಮದ್ಯದ ಅಮಲು ಹೇಗಿರುತ್ತದೆಂದು ಅವನಿಗೆ ತಿಳಿದುದು ಹೇಗೆ? ಸಭೆ ನಕ್ಕಿತು, ಕುಡಿದುದನ್ನು ಒಪ್ಪಿಕೊಂಡ ಸಾಕ್ಷಿಗೇ ಶಿಕ್ಷೆಯಾಯಿತು. ಆದರೂ ಕಾಫಿಗೆ ಬಿಡುಗಡೆ ದೊರೆಯಲಿಲ್ಲ. ಮಕ್ಕೆಯ ಬೀದಿಗಳಲ್ಲಿ ಅದನ್ನು ಸುಡಲಾಯಿತು. ಮುಂದೆ ಕೈರೋದ ಸುಲ್ತಾನನಿಂದ ಬಂದ ಆಜ್ಞೆಯು ಕೂಟಗಳನ್ನು ಖಂಡಿಸಿತೇ ಹೊರತು ಪಾನೀಯವನ್ನು ಪೂರ್ಣವಾಗಿ ನಿಷೇಧಿಸಲಿಲ್ಲ.

ಕಾಫಿಯನ್ನು ಮೊದಲು ಬಳಕೆಗೆ ತಂದವರಲ್ಲಿ ಯೆಮೆನಿನ ಸೂಫಿಗಳು ಪ್ರಮುಖರು. ರಾತ್ರಿಯ ದೇವಸ್ಮರಣೆಗೆ ನಿದ್ರೆ ಅಡ್ಡಿಯಾಗದಿರಲೆಂಬುದೇ ಅವರ ಉದ್ದೇಶವಾಗಿತ್ತು. ಅದೇ ಯೆಮೆನಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಸಂತರೆಂದು ಪ್ರತೀತಿ.

ಐದು ಶತಮಾನಗಳು ಉರುಳಿದ ಮೇಲೆ ಅದೇ ಪ್ರಶ್ನೆ ಈಗ ತಗಡಿನ ಡಬ್ಬಿಯಲ್ಲಿ ಬಂದಿದೆ. ರಂಜಾನಿನ ದಿನಗಳಲ್ಲಿ ಹಗಲೆಲ್ಲ ಉಪವಾಸ, ರಾತ್ರಿ ತರಾವೀಹ್ ನಮಾಜು, ಬೆಳಗಾಗುವ ಮುನ್ನ ಸಹರಿ. ಇದರ ನಡುವೆ ಪರೀಕ್ಷೆಯೂ ಬಂದರೆ ಹದಿನೇಳರ ಹುಡುಗನ ಕೈ ‘ಎನರ್ಜಿ ಡ್ರಿಂಕ್’ನತ್ತ ಚಾಚುವುದರಲ್ಲಿ ಆಶ್ಚರ್ಯವೇನು? ಇದನ್ನು ಕುಡಿಯಬಹುದೇ ಎಂಬ ಚಿಂತೆ ತಂದೆತಾಯಿಗಳದು.

ಕುಡಿದರೆ ಅಮಲೇರುವುದಿಲ್ಲವಾದ್ದರಿಂದ ಮದ್ಯದ ನಿಷೇಧ ಇದಕ್ಕೆ ತಾಗದು. ಮದ್ಯದೊಡನೆ ಬೆರೆಸಿದರೆ ಮಾತ್ರ ಚರ್ಚೆಗೆ ಎಡೆಯೇ ಇಲ್ಲ. ಇನ್ನು ಹಲವರಿಗೆ ಅಳುಕು ಹುಟ್ಟಿಸಿರುವ ವಸ್ತು ಟಾರಿನ್. ಹೋರಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿತು. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಇದನ್ನು ಬೇರ್ಪಡಿಸಿದ್ದರು. ಆದರೆ ಪಾನೀಯಗಳಿಗೆ ಬೆರೆಸುವ ಟಾರಿನ್ ಇಂದು ರಾಸಾಯನಿಕ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ಹೋರಿ ಉಳಿದಿರುವುದು ಹೆಸರಿನಲ್ಲಷ್ಟೆ! ವಾಸ್ತವವಾಗಿ ವಿಚಾರಿಸಬೇಕಾದುದು ಬಣ್ಣವನ್ನೂ ಪರಿಮಳದ ಸತ್ತ್ವವನ್ನೂ. ಕೆಲವು ಕೆಂಪು ಬಣ್ಣಗಳು ಕೀಟದಿಂದ ಬಂದವು. ಅವುಗಳ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಪರಿಮಳದ ಸತ್ತ್ವವನ್ನು ಹಲವೊಮ್ಮೆ ಆಲ್ಕೊಹಾಲಿನಲ್ಲಿ ಕರಗಿಸಿರುತ್ತಾರೆ. ಇಂಡೋನೇಷ್ಯದ ಉಲೇಮಾ ಮಂಡಳಿಯು 2018ರ ಫತ್ವಾದಲ್ಲಿ, ಮದ್ಯದಿಂದ ಬಾರದ ಆಲ್ಕೊಹಾಲು ಪಾನೀಯದಲ್ಲಿ ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಅಡ್ಡಿಯಿಲ್ಲವೆಂದಿತು. ಆದರೆ ಆ ಪಾನೀಯ ಆರೋಗ್ಯಕ್ಕೆ ಹಾನಿಕರವಾಗಿರಬಾರದೆಂಬ ಷರತ್ತನ್ನೂ ಸೇರಿಸಿತು.

ಈ ಷರತ್ತೇ ಎಲ್ಲಕ್ಕಿಂತ ತೂಕವಾದುದು. ತನ್ನ ದೇಹವನ್ನು ತಾನೇ ಕೆಡಿಸಿಕೊಳ್ಳುವುದಕ್ಕೆ ಇಸ್ಲಾಮಿನಲ್ಲಿ ಅನುಮತಿಯಿಲ್ಲ. 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಮಿನಷ್ಟು ಕೆಫೀನ್ ಇರುತ್ತದೆ. ಒಂದು ಲೋಟ ಗಟ್ಟಿ ಕಾಫಿಗೆ ಸಮವೆನ್ನಬಹುದು. ಸಕ್ಕರೆ ಮಾತ್ರ 27 ಗ್ರಾಮಿನ ಆಸುಪಾಸು! ಆರೋಗ್ಯವಂತರಾದ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಮಿನವರೆಗೆ ಕೆಫೀನಿನಿಂದ ಭಯವಿಲ್ಲವೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ತಿಳಿಸಿತು. ಮಕ್ಕಳು, ಗರ್ಭಿಣಿಯರು, ಹೃದ್ರೋಗಿಗಳ ಮಾತು ಬೇರೆ. ಬಿಸಿ ಕಾಫಿಯನ್ನು ಯಾರೂ ಗಟಗಟನೆ ಕುಡಿಯಲಾರರು. ತಣ್ಣನೆಯ ಸಿಹಿನೀರು ಒಂದೇ ಉಸಿರಿಗೆ ಇಳಿಯುತ್ತದೆ, ಮತ್ತೊಂದು ಡಬ್ಬಿಯೂ ಬೇಕೆನಿಸುತ್ತದೆ. ಆದ್ದರಿಂದ ವಯಸ್ಕನೊಬ್ಬ ಅಪರೂಪಕ್ಕೆ ಕುಡಿಯುವ ಡಬ್ಬಿಗೆ ಹಲಾಲ್ ಎಂದ ಬಾಯಿಯೇ, ಎದೆ ಡವಗುಟ್ಟುತ್ತಿರುವ ಬಾಲಕನ ಮೂರನೆಯ ಡಬ್ಬಿಗೆ ಕೂಡದೆನ್ನಬೇಕಾಗುತ್ತದೆ. ಇದರಲ್ಲಿ ವಿರೋಧವೇನೂ ಇಲ್ಲ. ಡಬ್ಬಿಯ ಮೇಲಿನ ಹಲಾಲ್ ಮುದ್ರೆಯು ಒಳಗಿನ ವಸ್ತುವಿಗೆ ಸಂಬಂಧಿಸಿದ್ದು. ಕುಡಿಯುವವನ ವಯಸ್ಸನ್ನೂ ಎದೆಬಡಿತವನ್ನೂ ಅದು ಅರಿಯದು.

ಒಂದು ಕಾಲದಲ್ಲಿ ಕಾಫಿಯನ್ನು ಸುಟ್ಟ ಮಕ್ಕಾ ನಗರವಿರುವ ಸೌದಿ ಅರೇಬಿಯವು ಈ ಡಬ್ಬಿಗಳನ್ನು ಸುಡಲಿಲ್ಲ. 2014ರಲ್ಲಿ ಅವುಗಳ ಜಾಹೀರಾತನ್ನೂ, ಶಾಲೆಗಳಲ್ಲಿ ಮತ್ತು ಸರಕಾರಿ ಕಚೇರಿಗಳಲ್ಲಿ ಮಾರಾಟವನ್ನೂ ನಿಷೇಧಿಸಿತು. 2017ರಲ್ಲಿ ಶೇಕಡಾ 100ರ ತೆರಿಗೆಯನ್ನು ಹೇರಿತು. ತಂಬಾಕಿಗೂ ಅದೇ ದರ.